ಕ್ಷಯದ ಆಸ್ಪತ್ರೆಯಲ್ಲಿ ಮದುಮಕ್ಕಳು

ಬಾವಲಿ ಹಿಕ್ಕೆಯ ನಾತಕ್ಕೆ ಖುಷಿಪಡುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮೊನ್ನೆ ಕಾರಡ್ಕದ ಕಡೆ ಒಂದು ಮನೆ ಒಕ್ಕಲಿನ ಫೋಟೋ ತೆಗೆಯಲು ಹೋಗಿದ್ದೆ. ಹೊಸ ಮನೆಯ ಹಿಂದೆ ಹಳೆಯ ಉಗ್ರಾಣವೊಂದು ಇನ್ನೂ ಬೀಳದೆ ನಿಂತಿತ್ತು. ಮಧ್ಯಾಹ್ನದ ಬಿಸಿಲಿಗೆ ಕ್ಯಾಮೆರಾ ಬ್ಯಾಗು ಇಡಲು ನೆರಳು ಹುಡುಕುತ್ತಾ ಅದರ ಬಾಗಿಲು ತಳ್ಳಿದ್ದೇ ತಡ, ಆ ನಾತ ಮುಖಕ್ಕೆ ರಾಚಿತು. ಜೊತೆಗಿದ್ದ ಮನೆಯ ಯಜಮಾನರು ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದರು. ನಾನು ಅಲ್ಲೇ ನಿಂತು ಇನ್ನೊಮ್ಮೆ ಉಸಿರೆಳೆದುಕೊಂಡೆ.

"ಎಂತ ಗಣೇಶಣ್ಣ, ತಲೆ ಸಮ ಉಂಟಾ?" ಎಂದು ಅವರು ಹೊರಗಿನಿಂದ ಕೂಗಿದರು.

ತಲೆ ಸಮವೇ ಇತ್ತು. ಅದು ಎರಡು ಸಾವಿರದ ಹದಿಮೂರರ ಬೇಸಿಗೆಗೆ ಹೋಗಿ ನಿಂತಿತ್ತು, ಅಷ್ಟೆ. ನನ್ನ ಬದುಕಿನಲ್ಲಿ ಅಷ್ಟು ಗಡಿಬಿಡಿಯ, ಅಷ್ಟು ಹುಮ್ಮಸ್ಸಿನ ಬೇಸಿಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಬಂದ್ಯೋಡಿನ ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ. ಆಗಷ್ಟೇ ನಮ್ಮ ಕಡೆ ಮದುವೆಯ ಮರುದಿನ ಮದುಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸಿನಿಮಾದವರ ಹಾಗೆ ನಿಲ್ಲಿಸಿ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಅದಕ್ಕೆ ಔಟ್‌ಡೋರ್ ಎಂದು ಹೆಸರು. ಎಲ್ಲರಿಗೂ ಬೇಕಲ ಕೋಟೆಯೇ ಆಗಬೇಕು. ಮದುವೆ ಸೀಸನ್ನಿನಲ್ಲಿ ಕೋಟೆಯ ಬುರುಜಿನ ಹತ್ತಿರ ಜೋಡಿಗಳ ಸಾಲು, ರೇಷನ್ ಅಂಗಡಿಯ ಮುಂದಿನ ಸಾಲಿನ ಹಾಗೆ. ಒಂದು ಜೋಡಿ ಇಳಿಯದೆ ಇನ್ನೊಂದು ಹತ್ತುವ ಹಾಗಿಲ್ಲ. ಮುಖ ಮುಚ್ಚಿ ತೋರಿಸಿದರೆ ಯಾವ ಆಲ್ಬಂ ಯಾರದ್ದೆಂದು ನನಗೇ ಹೇಳಲು ಬರುತ್ತಿರಲಿಲ್ಲ.

ಹಾಗಿರುವಾಗ ಪೈವಳಿಕೆಯ ಶ್ವೇತಾ ಎಂಬ ಹುಡುಗಿ ತನ್ನ ಮದುವೆಯ ಫೋಟೋ ಮಾತಾಡಲು ಸ್ಟುಡಿಯೋಗೆ ಬಂದಳು. ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುವ ಕೆಲಸ ಅವಳದ್ದು. ಹುಡುಗ ಶಾರ್ಜಾದಲ್ಲಿ, ಸಣ್ಣ ರಜೆಯಲ್ಲಿ ಬರುವವನು.

"ಕೋಟೆ ಬೇಡ ಗಣೇಶಣ್ಣ," ಎಂದಳು. "ಕೋಟೆಯಲ್ಲಿ ನನ್ನ ಅಕ್ಕನದ್ದೂ ಆಯ್ತು, ಅತ್ತೆ ಮಗಳದ್ದೂ ಆಯ್ತು. ನನಗೆ ಯಾರೂ ಕಾಣದ ಜಾಗ ಬೇಕು."

ಯಾರೂ ಕಾಣದ ಜಾಗ ಎಂದ ಕೂಡಲೇ ನನಗೆ ಹೊಳೆದದ್ದು ಗುಡ್ಡೆಯ ಮೇಲಿನ ಹಳೆಯ ಕ್ಷಯದ ಆಸ್ಪತ್ರೆ. ರಸ್ತೆಯಿಂದ ನೋಡಿದರೆ ಗೇರುಮರಗಳ ಮೇಲೆ ಅದರ ಕೆಂಪು ಮಾಡು ಮಾತ್ರ ಕಾಣುತ್ತಿತ್ತು. ನಾನು ಸಣ್ಣವನಿದ್ದಾಗ ಬಸ್ಸು ಆ ತಿರುವಿಗೆ ಬಂದರೆ ಹೆಂಗಸರು ಮಕ್ಕಳ ಮೂಗಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾದ ಮೇಲೂ ಹಿಡಿಯುತ್ತಿದ್ದರು. ನಮ್ಮ ಊರಿನಲ್ಲಿ ಕೇಳುವವರಿಲ್ಲದ ಕಟ್ಟಡದ ಹಂಚು, ಬಾಗಿಲು ಒಂದು ಮಳೆಗಾಲ ದಾಟಿ ಉಳಿಯುವುದಿಲ್ಲ. ಇದರ ಕಿಟಕಿಯ ಒಂದು ಕೊಂಡಿಯನ್ನೂ ಯಾರೂ ಮುಟ್ಟಿರಲಿಲ್ಲ. ಹೆದರಿಕೆಯೇ ಅದಕ್ಕೆ ಕಾವಲು.

ಮರುದಿನ ಮಧ್ಯಾಹ್ನದ ಮೇಲೆ ಒಬ್ಬನೇ ಬೈಕು ಹತ್ತಿಸಿಕೊಂಡು ಹೋದೆ. ಆ ಹೆದರಿಕೆ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಮೊದಲ ಕೋಣೆಯ ಬಾಗಿಲು ತಳ್ಳಿದಾಗ ಬಾವಲಿಗಳು ತಲೆಯ ಮೇಲೆ ಪಟಪಟನೆ ಹಾರಿದವು, ಆ ನಾತ ಕಣ್ಣಲ್ಲಿ ನೀರು ಬರಿಸಿತು. ಅದನ್ನು ದಾಟಿ ಉದ್ದನೆಯ ವಾರ್ಡಿಗೆ ಕಾಲಿಟ್ಟೆ ನೋಡಿ, ಆಹಾ, ಎಂತಹ ಬೆಳಕು! ಪಡುವಣ ಬದಿಗೆ ಸಾಲಾಗಿ ಕಿಟಕಿಗಳು. ಒಂದೊಂದೂ ನೆಲದಿಂದಲೇ ಎದ್ದು ನಿಂತ ಹಾಗೆ. ಮೇಲಿನ ಅರ್ಧಕ್ಕೆ ಮರದ ಪಟ್ಟಿಗಳು, ಕೆಳಗಿನ ಅರ್ಧಕ್ಕೆ ಬರೀ ಕಬ್ಬಿಣದ ಸರಳು. ಪಟ್ಟಿಗಳ ಎಡೆಯಿಂದ ಬೆಳಕು ಗೆರೆಗೆರೆಯಾಗಿ ಇಳಿದು ಕೆಂಪು ನೆಲದ ಮೇಲೆ ಚಾಪೆ ಹಾಸಿತ್ತು. ಇಷ್ಟು ವರ್ಷ ಟ್ಯೂಬ್‌ಲೈಟು, ಛತ್ರಿ, ಫ್ಲ್ಯಾಶು ಎಂದು ಒದ್ದಾಡಿದ ನನಗೆ ಕೂಗಿ ಕುಣಿಯಬೇಕು ಅನ್ನಿಸಿತು. ಮಾಡಿನಲ್ಲಿ ಮಾತ್ರ ಅಲ್ಲಲ್ಲಿ ಹಂಚು ಜಾರಿತ್ತು, ಒಂದು ಮೂಲೆಯಲ್ಲಿ ಪಕ್ಕಾಸು ಮರಗಳ ನಡುವೆ ಆಕಾಶ ಕಾಣುತ್ತಿತ್ತು, ಗೋಡೆ ಅಲ್ಲಿ ಹಸಿರುಗಟ್ಟಿತ್ತು.

"ಚಪ್ಪಲಿ!" ಎಂದು ಹಿಂದಿನಿಂದ ಯಾರೋ ಗದರಿದರು.

ಬೆಚ್ಚಿ ತಿರುಗಿದೆ. ಕೈಯಲ್ಲಿ ಹಿಡಿಸೂಡಿ, ಹೂವಿನ ನೈಟಿಯ ಮೇಲೆ ಒಂದು ಟವೆಲು, ಕುತ್ತಿಗೆಯಲ್ಲಿ ಶಿಲುಬೆಯ ಸರ. ಲೀನಾಬಾಯಿ. ಗುಡ್ಡೆಯ ಬುಡದಲ್ಲಿ ಮನೆ. ಹರೆಯದಲ್ಲಿ ಇಲ್ಲಿ ನರ್ಸಾಗಿ ಸೇರಿ, ಆಸ್ಪತ್ರೆಗೆ ಬೀಗ ಹಾಕುವವರೆಗೂ ಇದ್ದವರು. ಅವರ ಹೆಸರು ಕೇಳಿದ್ದೆ, ಮಾತಾಡಿದ್ದು ಅಂದೇ ಮೊದಲು.

"ಗುಡಿಸಿದ ನೆಲ ಕಾಣುವುದಿಲ್ವಾ ಪುತಾ? ಹೊರಗೆ ತೆಗೆದಿಟ್ಟು ಬಾ."

"ದಿನಾ ಗುಡಿಸ್ತೀರಾ ಬಾಯಮ್ಮ? ಯಾರೂ ಬರುವುದಿಲ್ಲ ಅಲ್ವಾ ಇಲ್ಲಿಗೆ?"

"ನೀನು ದಿನಾ ಮುಖ ತೊಳೆಯುವುದಿಲ್ವಾ, ಯಾರೂ ಬಾರದಿದ್ರೂ?"

ಐದು ನಿಮಿಷದಲ್ಲಿ ನಾವು ಹಳೆಯ ಗುರ್ತದವರ ಹಾಗೆ ಜಗಲಿಯಲ್ಲಿ ಕೂತಿದ್ದೆವು. ಆಗ ಅವರು ವಿಷಯ ಹೇಳಿದರು. ಮಳೆಗೆ ಮೊದಲು ಕಟ್ಟಡ ಕೆಡವುವುದೆಂದು ಪಂಚಾಯತಿನಲ್ಲಿ ಮಾತಾಗಿದೆ. ಕೆಂಪುಕಲ್ಲು ಕೆಳಗೆ ಕೊಂಡುಹೋಗಿ ಒಂದು ಹಾಲ್ ಕಟ್ಟುತ್ತಾರಂತೆ.

"ನಾನು ಹಮೀದ್ ಮೆಂಬರ್ ಹತ್ತಿರ ಹೋಗಿ ಬೇಡಿದೆ. ರಿಪೇರಿ ಮಾಡಿ, ಸಣ್ಣ ಡಿಸ್ಪೆನ್ಸರಿ ಮಾಡಿ, ಎಂತಾದ್ರೂ ಮಾಡಿ, ಕೆಡವಬೇಡಿ ಅಂತ. ಅವರು ಎಂತ ಹೇಳಿದ್ರು ಗೊತ್ತುಂಟಾ? 'ಬಾಯಮ್ಮ, ನೀವೊಬ್ಬರು ಬಿಟ್ರೆ ಒಂದು ನರಪಿಳ್ಳೆ ಅದರ ಒಳಗೆ ಕಾಲಿಡ್ತದಾ? ಕಾಲಿಡುವವರನ್ನು ತೋರಿಸಿ, ಮತ್ತೆ ಮಾತಾಡುವ.' ನಾನು ಯಾರನ್ನು ತೋರಿಸಲಿ ಪುತಾ?" ಅವರ ಹರೆಯ, ಕೆಲಸ, ಊಟ, ನಿದ್ದೆ ಎಲ್ಲ ಕಳೆದದ್ದು ಆ ಗೋಡೆಗಳ ಒಳಗೆ. ಅವು ಹೋದರೆ ತನ್ನದು ಅಂತ ಹೇಳಲು ಅವರಿಗೆ ಬೇರೆ ಏನೂ ಇರಲಿಲ್ಲ.

ನನ್ನ ತಲೆ ಓಡತೊಡಗಿತ್ತು. "ಇಲ್ಲಿಂದ ಗುಣವಾಗಿ ಹೋದವರು ಎಷ್ಟು ಜನ ಇರಬೇಕು ಬಾಯಮ್ಮ! ಅವರನ್ನೇ ಕರೆಯುವ. ನೀವು ಹೆಸರು ಹೇಳಿ, ನಾನು ಬೈಕಿನಲ್ಲಿ ಮನೆಮನೆಗೆ ಹೋಗ್ತೇನೆ."

"ಅದೊಂದು ಕೇಳಬೇಡ." ಅವರ ದನಿ ಬದಲಾಯಿತು. "ಗುಣವಾಗಿ ಹೋದವರನ್ನು ನಾವು ರಸ್ತೆಯಲ್ಲಿ ಕಂಡರೆ ಮಾತಾಡಿಸುವುದಿಲ್ಲ. ಕಂಡರೂ ಕಾಣದ ಹಾಗೆ ಹೋಗುವುದು. ನಾನು ನಕ್ಕರೆ ಸಾಕು, 'ಈ ನರ್ಸ್ ಬಾಯಿ ನಿನಗೆ ಹೇಗೆ ಗುರ್ತ' ಅಂತ ಜೊತೆಯಲ್ಲಿದ್ದವರು ಕೇಳ್ತಾರೆ. ಮತ್ತೆ ಆ ಮನೆಯಿಂದ ಹೆಣ್ಣು ತರುವವರುಂಟಾ, ಆ ಮನೆಗೆ ಹೆಣ್ಣು ಕೊಡುವವರುಂಟಾ? ಬಂದ್ಯೋಡಿನ ಮೀನು ಮಾರ್ಕೆಟಿನಲ್ಲಿ ಎಷ್ಟು ಜನ ನನ್ನ ಮೈಗೆ ಮೈ ತಾಗಿಸಿಕೊಂಡು ಹೋಗ್ತಾರೆ. ನಾನು ಬಂಗುಡೆಯನ್ನೇ ನೋಡ್ತೇನೆ. ಕಟ್ಟಡ ಬೀಳಲಿ, ಹೆಸರು ಮಾತ್ರ ನನ್ನ ಬಾಯಿಂದ ಬರಲಿಕ್ಕಿಲ್ಲ."

ನನಗೆ ಸಿಟ್ಟೂ ಬಂತು, ಅಭಿಮಾನವೂ ಬಂತು. ಗುಡ್ಡೆ ಇಳಿಯುವಾಗ ಅಭಿಮಾನವೇ ಜಾಸ್ತಿಯಾಗಿತ್ತು.

ಶ್ವೇತಾಳಿಗೆ ಜಾಗ ಯಾವುದೆಂದು ನೇರ ಹೇಳಿದೆ. ಕಣ್ಣರಳಿಸಿ ನಕ್ಕಳು. "ಬಿಸಿಲು, ಗಾಳಿ ಇದ್ದಲ್ಲಿ ಕ್ಷಯದ ಕ್ರಿಮಿ ಬದುಕುವುದಿಲ್ಲ ಗಣೇಶಣ್ಣ. ಅದೂ ಇಷ್ಟು ವರ್ಷ! ನಾನು ದಿನಾ ಲ್ಯಾಬಿನಲ್ಲಿ ಅದರ ಜೊತೆಯಲ್ಲೇ ಇರುವವಳು. ಅಲ್ಲಿಗೇ ಹೋಗುವ. ಮನೆಯಲ್ಲಿ ಮಾತ್ರ ಈಗ ಹೇಳುವುದು ಬೇಡ."

ಮದುವೆಯ ಮರುದಿನ ಹೋದೆವು. ಮದುಮಗ ಮೊದಲು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಬಂದ. ವಾರ್ಡಿನ ಬೆಳಕು ನೋಡಿದ ಮೇಲೆ ಅದು ಯಾವಾಗ ಜೇಬಿಗೆ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಹಸಿರು ರೇಷ್ಮೆ ಸೀರೆಯ ಶ್ವೇತಾ ಆ ಕಿಟಕಿಯ ಮುಂದೆ ಬಂದು ನಿಂತಾಗ ಲೀನಾಬಾಯಿ ಎರಡು ಕೈಯನ್ನೂ ಕೆನ್ನೆಗೆ ಹಿಡಿದು, "ದೆವಾ! ಈ ವಾರ್ಡಿನಲ್ಲಿ ಮದುಮಗಳು!" ಎಂದರು. ನಾನು ನಿಂತು ತೆಗೆದೆ, ಕೂತು ತೆಗೆದೆ, ಕೊನೆಗೆ ನೆಲದ ಮೇಲೆ ಮಲಗಿಯೇಬಿಟ್ಟೆ. ಮಲಗಿದಾಗ ಒಂದು ಆಶ್ಚರ್ಯ ಕಾದಿತ್ತು. ನಿಂತರೆ ಕಿಟಕಿಯಲ್ಲಿ ಮರದ ಪಟ್ಟಿ ಮಾತ್ರ, ಕೂತರೆ ಕೆಳಗಿನ ಅಂಗಳ ಮಾತ್ರ. ಮಲಗಿದರೆ ಸರಳುಗಳಾಚೆ ಎರಡು ತಾಳೆಮರ, ಅವುಗಳ ನಡುವೆ ನೀಲಿ ಸಮುದ್ರದ ಒಂದು ತುಂಡು. ಶ್ವೇತಾಳ ಸೀರೆಯ ಅಂಚು, ತಾಳೆಮರ, ಸಮುದ್ರ, ಮೂರನ್ನೂ ಸೇರಿಸಿ ಕ್ಲಿಕ್ಕಿಸಿದೆ. ನಾನು ತೆಗೆದ ಫೋಟೋಗಳಲ್ಲಿ ಅದಕ್ಕಿಂತ ಚೆನ್ನಾದದ್ದು ಇವತ್ತಿಗೂ ಇಲ್ಲ.

ಆಲ್ಬಂ ತಯಾರಾದಾಗ ಪೈವಳಿಕೆಯ ಮನೆಯಲ್ಲಿ ಹೊಸ ಮದುಮಕ್ಕಳಿಗೆ, ಬೀಗರಿಗೆ ಕೋಳಿರೊಟ್ಟಿಯ ಊಟ. ಆಲ್ಬಂ ಕೊಡಲು ಹೋದ ನನ್ನನ್ನೂ ಕೂರಿಸಿಕೊಂಡರು. ಹೆಂಗಸರೆಲ್ಲ ಆಲ್ಬಮ್ಮಿನ ಸುತ್ತ ಮುತ್ತಿಕೊಂಡರು.

"ಇದು ಯಾವ ಅರಮನೆ ಮಾರಾಯ್ರೇ? ಮೈಸೂರಾ?"

"ಅಲ್ಲ, ಮಡಿಕೇರಿಯ ಯಾವುದೋ ರೆಸಾರ್ಟು. ಕಿಟಕಿ ನೋಡಿದ್ರೆ ಗೊತ್ತಾಗುವುದಿಲ್ವಾ?"

ಶ್ವೇತಾ ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ನಮ್ಮ ಲೆಕ್ಕಾಚಾರ ಸರಿಯಾಗಿತ್ತು. ಊರಿನಲ್ಲಿ ಯಾರೂ ಒಳಗೆ ಕಾಲಿಟ್ಟವರಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವ ಹಾಗಿಲ್ಲ. ಅಷ್ಟರಲ್ಲಿ ಆಲ್ಬಂ ಶ್ವೇತಾಳ ಅಜ್ಜಿಯ ಕೈಗೆ ಹೋಯಿತು. ಕಮಲಜ್ಜಿ ಆ ಮನೆಯಲ್ಲಿ ಎಲ್ಲರನ್ನೂ ದಬಾಯಿಸುತ್ತಾ ಓಡಾಡುವ ಗಟ್ಟಿ ಮುದುಕಿ. ಕನ್ನಡಕ ಏರಿಸಿ ಒಂದೊಂದೇ ಪುಟ ತಿರುಗಿಸಿದವರು ನಾನು ಮಲಗಿ ತೆಗೆದ ಫೋಟೋದ ಹತ್ತಿರ ನಿಂತರು. ಬಹಳ ಹೊತ್ತು ನೋಡಿದರು. ಬೆರಳು ತಾಳೆಮರಗಳ ನಡುವೆ ಹೋಯಿತು.

"ಈ ಸಮುದ್ರ ಕಾಣಬೇಕಾದ್ರೆ ಮಲಗಬೇಕು," ಎಂದರು. "ಕೂತ್ರೆ ಕಾಣುವುದಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಅಜ್ಜೀ, ನಿಮಗೆ ಹೇಗೆ ಗೊತ್ತು?" ಶ್ವೇತಾ ಕೇಳಿದಳು. ಕೇಳಿದ ಮೇಲೆ ಅವಳ ಮುಖ ಬಿಳುಚಿತು. ಎದುರಿಗೆ ಅವಳ ಅತ್ತೆ ಕೂತಿದ್ದರು.

ಕಮಲಜ್ಜಿ ಒಮ್ಮೆ ಬೀಗರ ಕಡೆ ನೋಡಿದರು, ಒಮ್ಮೆ ಮೊಮ್ಮಗಳ ಕಡೆ. ಮಾತು ಹಾರಿಸಲು ಅವರಿಗೆ ಬೇಕಾದಷ್ಟು ಸಮಯವಿತ್ತು. ಹಾರಿಸಲಿಲ್ಲ. "ನಾನು ಅಲ್ಲಿ ಮಲಗಿದವಳು. ಇದು ಗುಡ್ಡೆಯ ಆಸ್ಪತ್ರೆ. ಮದುವೆಗೆ ಮೊದಲು ನನಗೆ ಕ್ಷಯ ಇತ್ತು. ನಿನ್ನ ಅಜ್ಜನಿಗೆ ಒಬ್ಬರಿಗೆ ಹೇಳಿದ್ದೆ. ಈಗ ನೀನು ಅಲ್ಲಿಗೆ ಸೀರೆ ಉಟ್ಟು ಹೋಗಿ ನಗ್ತಾ ನಿಂತಿದ್ದಿ. ನಾನು ಯಾಕೆ ಇನ್ನೂ ಬಚ್ಚಿಡಬೇಕು?"

ಎಲ್ಲರ ಕಣ್ಣೂ ಶ್ವೇತಾಳ ಅತ್ತೆಯ ಮೇಲೆ. ಆ ಹೆಂಗಸು ಆಲ್ಬಮ್ಮನ್ನು ತನ್ನ ಕಡೆಗೆ ಎಳೆದುಕೊಂಡು ಆ ಫೋಟೋ ಮತ್ತೊಮ್ಮೆ ನೋಡಿದರು. "ಫೋಟೋ ಭಾರೀ ಲಾಯ್ಕ ಬಂದಿದೆ," ಎಂದರು. "ಸಾರು ತಣಿಯುತ್ತದೆ, ಮೊದಲು ಊಟ ಮಾಡುವ." ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಮಾತು ಬೇರೊಂದಿರಲಿಲ್ಲ. ನಾನು ಆ ದಿನ ತಿಂದಷ್ಟು ರೊಟ್ಟಿ ಬೇರೆ ಯಾವತ್ತೂ ತಿಂದದ್ದಿಲ್ಲ.

ಮರುದಿನವೇ ಕಮಲಜ್ಜಿ ಜೀಪು ಮಾಡಿಸಿಕೊಂಡು ಗುಡ್ಡೆಗೆ ಬಂದರು. ಜೀಪಿನಲ್ಲಿ ಮನೆಮಂದಿ ಎಲ್ಲ ತುಂಬಿಕೊಂಡಿದ್ದರು, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡಿದ್ದರು. ಜಗಲಿ ಗುಡಿಸುತ್ತಿದ್ದ ಲೀನಾಬಾಯಿ ತಲೆಯೆತ್ತಿ ನೋಡಿದರು. ನೋಡಿದವರು ತಕ್ಷಣ ಮುಖ ತಿರುಗಿಸಿ ಕಂಬದ ಬುಡ ಗುಡಿಸತೊಡಗಿದರು. ಆ ಕಂಬದ ಬುಡದಲ್ಲಿ ಗುಡಿಸಲು ಏನೂ ಇರಲಿಲ್ಲ.

"ಬಾಯಮ್ಮಾ," ಕಮಲಜ್ಜಿ ಮೆಟ್ಟಲ ಕೆಳಗೆ ನಿಂತು ಕರೆದರು. "ಇನ್ನು ಸಾಕು. ಗುರ್ತ ಉಂಟು ಅಂತ ಹೇಳಿ."

ಹಿಡಿಸೂಡಿ ಕೆಳಗೆ ಬಿತ್ತು. ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದು, ನಕ್ಕದ್ದು, ಮತ್ತೆ ಅತ್ತದ್ದು! ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ಇತ್ತು. ತೆಗೆಯಬೇಕೆಂದು ನೆನಪಾದದ್ದು ಮನೆಗೆ ಬಂದ ಮೇಲೆ.

ಅಲ್ಲಿಂದ ಕಮಲಜ್ಜಿ ನೇರ ಹಮೀದ್ ಮೆಂಬರ್ ಮನೆಯ ಅಂಗಳಕ್ಕೆ ಜೀಪು ತಿರುಗಿಸಿದರು. "ಕಾಲಿಡುವವರನ್ನು ತೋರಿಸಿ ಅಂದ್ರಂತಲ್ಲ ಮೆಂಬ್ರೇ? ನೋಡಿ, ನಾನು. ಇವತ್ತು ಇಟ್ಟೆ. ಹಿಂದೆಯೂ ಇಟ್ಟಿದ್ದೆ, ಇಟ್ಟಿದ್ದಕ್ಕೇ ಬದುಕಿದ್ದೇನೆ."

ಹಮೀದ್ ಮೆಂಬರ್ ಗಟ್ಟಿ ಸ್ವರದ, ಎಲ್ಲದಕ್ಕೂ ನಗುವ ಮನುಷ್ಯ. ಅಂದು ನಗಲಿಲ್ಲ. ಗಡ್ಡ ಕೆರೆದುಕೊಂಡು ಗುಡ್ಡೆಯ ಕಡೆ ನೋಡಿದರು. "ಮಳೆ ಹಿಡಿಯುವ ಮೊದಲು ಮಾಡು ಸರಿ ಮಾಡಿ," ಎಂದರು ಕೊನೆಗೆ. "ಮಾಡು ಗಟ್ಟಿ ಉಂಟು ಅಂತ ತೋರಿಸಿದ್ರೆ ಕೆಡವುವ ಮಾತನ್ನು ನಾನೇ ನಿಲ್ಲಿಸ್ತೇನೆ. ಸೋರಿದ್ರೆ ಮತ್ತೆ ನನ್ನನ್ನು ಕೇಳಬೇಡಿ."

ನಮ್ಮ ಕಡೆ ಬೇಸಿಗೆಯ ಕೊನೆಯಲ್ಲಿ ಹಂಚು ಕೈಯಾಡಿಸುವುದೆಂದರೆ, ಹಳೆಯ ಹಂಚನ್ನೆಲ್ಲ ಇಳಿಸಿ, ಒಡೆದದ್ದನ್ನು ಬಿಸಾಡಿ, ಉಳಿದದ್ದರ ಕಸ ಗುಡಿಸಿ ಮತ್ತೆ ಹೊದೆಸುವುದು. ಆ ಕೆಲಸದವರು ಯಾರೂ ಗುಡ್ಡೆಗೆ ಬರಲು ಒಪ್ಪಲಿಲ್ಲ. ಅಷ್ಟು ದೊಡ್ಡ ಮಾಡಿಗೆ ಕೆಳಗಿನಿಂದ ಮೇಲಿನವರೆಗೆ ಕೈಯಿಂದ ಕೈಗೆ ಹಂಚು ದಾಟಿಸಲು ಜನರ ಸಾಲೇ ಬೇಕು. ಜನ ಎಲ್ಲಿಂದ ತರುವುದು?

ನಾನು ಆ ಸಮುದ್ರದ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನೊಳಗೆ ತೂಗುಹಾಕಿದೆ. ಕೆಳಗೆ, "ಇದು ನಮ್ಮ ಗುಡ್ಡೆಯ ಆಸ್ಪತ್ರೆ. ಭಾನುವಾರ ಹಂಚು ಕೈಯಾಡಿಸಲಿಕ್ಕುಂಟು, ಬನ್ನಿ" ಎಂದು ಬರೆದೆ. ಪೇಟೆಯೆಲ್ಲ ಗಾಜಿನ ಮುಂದೆ ನಿಂತು ಹೋಯಿತು. "ಹೌದಾ? ಇದಾ? ಸುಳ್ಳು!" ಎಂದವರೇ ಎಲ್ಲ. ಆದರೆ ಕೆಲವರು ಏನೂ ಹೇಳದೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಒಳಗೆ ಬಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಳ್ಳುವ ನೆವದಲ್ಲಿ ಕೂತು, ಸಣ್ಣ ದನಿಯಲ್ಲಿ, "ಬಾವಿಕಟ್ಟೆಯ ಹತ್ತಿರ ಒಂದು ಸಂಪಿಗೆಮರ ಇತ್ತು. ಈಗಲೂ ಉಂಟಾ?" ಎಂದು ಕೇಳುತ್ತಿದ್ದರು. ಅಂಥ ಪ್ರಶ್ನೆ ಬಂದಾಗೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ನಾನು ಮುಖ ನೋಡದೆ, ಲೈಟು ಸರಿಮಾಡುತ್ತಾ, "ಉಂಟು, ಭಾನುವಾರ ಬನ್ನಿ, ನೀವೇ ನೋಡಿ" ಎನ್ನುತ್ತಿದ್ದೆ. ಲೀನಾಬಾಯಿಯ ಮರ್ಯಾದೆ ನನಗೂ ಬಂದಿತ್ತು.

ಭಾನುವಾರ ಬಂದರು. ಮೊದಲು ಒಬ್ಬೊಬ್ಬರೇ, ದಾರಿ ತಪ್ಪಿ ಬಂದವರ ಹಾಗೆ. ಆಮೇಲೆ ಜೀಪಿನಲ್ಲಿ, ರಿಕ್ಷಾದಲ್ಲಿ, ಮಕ್ಕಳು ಮೊಮ್ಮಕ್ಕಳ ಸಮೇತ. ಯಾರು ಇಲ್ಲಿ ಮಲಗಿದವರು, ಯಾರು ಬರೀ ಕುತೂಹಲಕ್ಕೆ ಬಂದವರು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರ ಕೈಯಲ್ಲೂ ಮನೆಯಿಂದ ತಂದ ನೀರಿನ ಬಾಟಲಿ ಮಾತ್ರ ಇತ್ತು. ಸಾಲು ನಿಂತಿತು. ಶ್ವೇತಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಡುವೆ ನಿಂತಳು. ಹಂಚು ಹಿಡಿ, ಕೊಡು, ಹಿಡಿ, ಕೊಡು. ಏಣಿಯ ಮೇಲೆ ನಾನು. ಇಷ್ಟು ಸಂತೋಷದಲ್ಲಿ ಇಷ್ಟು ಮೈಕೈ ನೋವು ನಾನು ಯಾವತ್ತೂ ಅನುಭವಿಸಿದವನಲ್ಲ. ಮಧ್ಯಾಹ್ನದ ಹೊತ್ತಿಗೆ ಹಮೀದ್ ಮೆಂಬರ್ ಕೂಡ ಬಂದು ಅಂಗಿಯ ಕೈ ಮಡಚಿ ಸಾಲಿನ ಕೊನೆಯಲ್ಲಿ ನಿಂತರು. ಲೀನಾಬಾಯಿ ಎಲ್ಲರ ಹತ್ತಿರ ಹೋಗಿ ಬೆನ್ನು ತಟ್ಟುತ್ತಿದ್ದವರು ಅವರನ್ನು ಕಂಡದ್ದೇ ಆ ಕಡೆ ತಿರುಗಿ ಹೋದರು. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡೆ.

ಸಂಜೆಗೆ ಪಡುವಣದಲ್ಲಿ ಸಮುದ್ರದ ಮೇಲೆ ಮೋಡ ಕಪ್ಪಾಯಿತು. ಒಂದು ಮೂಲೆ ಇನ್ನೂ ಬಾಕಿ. "ಬೇಗ! ಬೇಗ!" ಎಂದು ಎಲ್ಲರೂ ಕೂಗುವವರೇ. ತಾಳೆಮರಗಳು ಬಾಗತೊಡಗಿದವು. ಕೊನೆಯ ಹಂಚು ನನ್ನ ಕೈಗೆ ಬರುವಾಗ ಅದರ ಮೇಲೆ ದಪ್ಪ ಹನಿಗಳು ಬಿದ್ದಿದ್ದವು. ಅದನ್ನು ಕೂರಿಸಿ ಏಣಿಯಿಂದ ಹಾರಿದೆ. ಎಲ್ಲರೂ ವಾರ್ಡಿನೊಳಗೆ ಓಡಿದೆವು. ಆ ವರ್ಷದ ಮೊದಲ ಮಳೆ ಒಮ್ಮೆಲೇ ಮಾಡಿನ ಮೇಲೆ ಸುರಿಯಿತು.

ಎಲ್ಲರ ಮುಖವೂ ಮೇಲೆ. ನಾನು ಈ ಮೂಲೆ ನೋಡಿದೆ, ಆ ಮೂಲೆ ನೋಡಿದೆ. ನೆಲ ಒಣಗಿಯೇ ಇತ್ತು. ಮೆಂಬರ್ ವಾರ್ಡಿನ ಉದ್ದಕ್ಕೂ ನಡೆದು, ಹಸಿರುಗಟ್ಟಿದ ಗೋಡೆಗೆ ಕೈಯಿಟ್ಟು ನೋಡಿ, "ಸೋರುವುದಿಲ್ಲ," ಎಂದರು. ಆಗ ಎದ್ದ ಗದ್ದಲ! ಚಪ್ಪಾಳೆ, ಕೂಗು, ಶಿಳ್ಳೆ. ಮುದುಕರು ಮಕ್ಕಳಾಗಿಬಿಟ್ಟಿದ್ದರು. ಹಿಂದೆ ಆ ವಾರ್ಡಿನಲ್ಲಿ ರೋಗಿಗಳು ಜೋರಾಗಿ ನಗುವಂತೆಯೂ ಇರಲಿಲ್ಲವಂತೆ, ಎದೆಗೆ ಆಯಾಸವಾಗುತ್ತದೆಂದು. ಲೀನಾಬಾಯಿಗೆ ಹಳೆಯ ಅಭ್ಯಾಸ ಒಮ್ಮೆಲೇ ಮೈಮೇಲೆ ಬಂದಿರಬೇಕು. ಕೈ ತಟ್ಟಿ, "ಶ್! ಎಲ್ಲ ಮಲಗಿ! ಸದ್ದು ಮಾಡಬಾರದು!" ಎಂದು ಗದರಿದರು.

"ನಾವು ಈಗ ಪೇಷಂಟುಗಳಲ್ಲ ಬಾಯಮ್ಮ," ಎಂದರು ಕಮಲಜ್ಜಿ. "ನೆಂಟರು. ನೆಂಟರು ಬಂದ್ರೆ ಬಾಯಾರಿಕೆಗೆ ಎಂತ ಬೇಕು ಅಂತ ಕೇಳುವುದಿಲ್ವಾ?"

ಲೀನಾಬಾಯಿ ಮೂಲೆಯ ಕೊಡಪಾನದ ಕಡೆ ನೋಡಿದರು. ಆಸ್ಪತ್ರೆಯ ಬಾವಿಯ ನೀರನ್ನು ಅವರ ಹೊರತು ಬೇರೆ ಯಾರೂ ಕುಡಿಯುತ್ತಿರಲಿಲ್ಲ. ಆಮೇಲೆ ಟವೆಲು ತಲೆಗೆ ಹಾಕಿಕೊಂಡು, ಕೊಡಪಾನ ತೆಗೆದುಕೊಂಡು ಮಳೆಯಲ್ಲೇ ಬಾವಿಕಟ್ಟೆಗೆ ಹೋದರು. ತುಂಬಿದ ಕೊಡಪಾನದೊಂದಿಗೆ ಒಳಗೆ ಬಂದಾಗ ಕಮಲಜ್ಜಿ ಬೊಗಸೆಯೊಡ್ಡಿ ಗಟಗಟನೆ ಕುಡಿದರು. ಆಮೇಲೆ ಶ್ವೇತಾ, ಅವಳ ಅತ್ತೆ, ನಾನು.

ನನ್ನ ಪಕ್ಕದಲ್ಲಿ ಇನ್ನೊಂದು ಬೊಗಸೆ ಚಾಚಿಕೊಂಡಿತು. ಹಮೀದ್ ಮೆಂಬರ್. ಅವರ ಆ ಗಟ್ಟಿ ಸ್ವರ ಎಲ್ಲಿ ಹೋಗಿತ್ತೋ.

"ಬಾಯಮ್ಮ," ಎಂದರು, "ನನ್ನ ಗುರ್ತ ಉಂಟಾ?"

ಲೀನಾಬಾಯಿ ಅವರ ಬೊಗಸೆಗೆ ನೀರು ಹೊಯ್ಯುತ್ತಾ, ಆ ಬೇಸಿಗೆಯಲ್ಲಿ ಮೊದಲ ಸಲ ಅವರ ಮುಖವನ್ನು ನೇರ ನೋಡಿದರು.

"ಬಾಗಿಲಿನ ಹತ್ತಿರದ ಮಂಚ," ಎಂದರು. "ಮಾತ್ರೆ ನುಂಗಿದೆ ಅಂತ ಹೇಳಿ ತಲೆದಿಂಬಿನ ಅಡಿಯಲ್ಲಿ ಅಡಗಿಸಿಡುತ್ತಿದ್ದ ಪೋರ. ಕುಡಿ."